ತಾಳಮದ್ದಳೆಯ ಕೂಟದಲ್ಲಿ ಪಾತ್ರದ ಹಂಚಿಕೆ ಮತ್ತು ಸಾಮಾನ್ಯ ಸ್ವತ್ತು

ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ತಾಳಮದ್ದಳೆಯು ಮುಖ್ಯವಾಗಿ ಮಳೆಗಾಲದ ಕಲೆ. ಬಯಲಾಟದ ಮೇಳಗಳು ತಿರುಗಾಟವನ್ನು ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ, ಹೊರಗೆ ಕಾಲಿಡಲಾಗದ ಆಷಾಢ ಶ್ರಾವಣಗಳ ರಾತ್ರಿಗಳಲ್ಲಿ, ದೇವಸ್ಥಾನದ ಚಂದ್ರಶಾಲೆಯಲ್ಲಿಯೋ ಮನೆಯ ಜಗಲಿಯಲ್ಲಿಯೋ ಕೂಟ ಸೇರುತ್ತದೆ. ವೇಷವಿಲ್ಲ, ಕುಣಿತವಿಲ್ಲ, ಭಾಗವತನು ಪದ್ಯವನ್ನು ಹಾಡುತ್ತಾನೆ, ಅರ್ಥಧಾರಿಯು ಕುಳಿತಲ್ಲಿಯೇ ಪಾತ್ರವಾಗಿ ಮಾತನಾಡುತ್ತಾನೆ. ಈ ಕಲೆಯನ್ನು ಮೆಚ್ಚುವವರು ಸಾಮಾನ್ಯವಾಗಿ ಹೊಗಳುವುದು ಅರ್ಥಧಾರಿಯ ವಾಕ್ಚಾತುರ್ಯವನ್ನು. ನಾವು ಇಲ್ಲಿ ಎತ್ತಿಕೊಳ್ಳುವ ಪ್ರಶ್ನೆ ಮಾತು ಹುಟ್ಟುವುದಕ್ಕೆ ಮುಂಚಿನದು. ಯಾವ ಅರ್ಥ ಯಾರಿಗೆ ಸಲ್ಲಬೇಕು, ಸಂದ ಪಾತ್ರವನ್ನು ಅವನು ಯಾವ ಬಗೆಯಲ್ಲಿ ಕಟ್ಟಬಹುದು, ಹಾಗೆ ಕಟ್ಟುವಾಗ ಕೂಟಕ್ಕೆಲ್ಲ ಸೇರಿದ ಸ್ವತ್ತಿನಲ್ಲಿ ಎಷ್ಟನ್ನು ಅವನು ವೆಚ್ಚಮಾಡಬಹುದು ಎಂಬುದೇ ಆ ಪ್ರಶ್ನೆ.

ತಾಳಮದ್ದಳೆಯ ಹೆಸರು ಹಳೆಯದು. ಬಳ್ಳಾರಿ ಸೀಮೆಯ ಕುರುಗೋಡು ಸೋಮಸಮುದ್ರದ ಕ್ರಿ.ಶ. 1556ರ ಶಾಸನವು ತಾಳಮದ್ದಳೆಯವರಿಗೆ ಬಿಟ್ಟ ದತ್ತಿಯನ್ನು ಹೇಳುತ್ತದೆ. ಅಂದಿನ ತಾಳಮದ್ದಳೆ ಇಂದಿನದೇ ಆಗಿತ್ತೆಂದು ಇದರಿಂದ ವಾದಿಸುವುದು ಅವಸರವಾದೀತು. ಮಲೆನಾಡಿನ ಮಟ್ಟಿಗೆ ಗಮನಿಸಬೇಕಾದುದು ಕೆಳದಿಯ ಅರಸರ ಕಾಲದ ರಾಜಕೀಯ ಭೂಗೋಳ. ಕೆಳದಿ, ಇಕ್ಕೇರಿಗಳು ಸಾಗರ ತಾಲ್ಲೂಕಿನಲ್ಲಿವೆ; ಬಿದನೂರು ಎಂದರೆ ಹೊಸನಗರ ತಾಲ್ಲೂಕಿನ ಇಂದಿನ ನಗರ. ಈ ರಾಜಧಾನಿಗಳಿಂದ ಘಟ್ಟದ ಮೇಲಿನ ನಾಡೂ ಕೆಳಗಿನ ಕರಾವಳಿಯೂ ಒಟ್ಟಿಗೆ ಆಳಲ್ಪಟ್ಟವು. 1763ರಲ್ಲಿ ಬಿದನೂರು ಹೈದರಾಲಿಯ ವಶವಾಯಿತು. 1799ರ ಬಳಿಕ ಕರಾವಳಿಯು ಕಂಪೆನಿಯ ಆಡಳಿತಕ್ಕೂ ಮಲೆನಾಡು ಮೈಸೂರಿಗೂ ಸೇರಿ, 1956ರವರೆಗೆ ನಡುವೆ ಗಡಿಯೊಂದು ನಿಂತಿತು. ಆದರೂ ಕಲೆಯ ಸಂಬಂಧ ಕಡಿಯಲಿಲ್ಲ. ಮಂದಾರ್ತಿಯ ಮೇಳ ಹರಕೆಯ ಆಟಕ್ಕಾಗಿ ಘಟ್ಟ ಹತ್ತಿ ಬರುತ್ತಲೇ ಇದೆ. ಉಡುಪಿಯ ಪಾವಂಜೆ ಗುರುರಾಯರ ಪ್ರಕಾಶನದಿಂದ ಹೊರಟ ಪ್ರಸಂಗದ ಪುಸ್ತಕಗಳೂ ಮೇಲಿನ ಊರುಗಳಲ್ಲಿ ಬಳಕೆಗೆ ಬಂದವು.

ಆ ಪುಸ್ತಕದಲ್ಲಿ ಇರುವುದು ಪದ್ಯಗಳು ಮಾತ್ರ, ಅರ್ಥ ಅಚ್ಚಾಗಿರುವುದಿಲ್ಲ. ಕಥೆಯ ಮೊದಲೂ ಕೊನೆಯೂ ಗೊತ್ತಾಗಿದೆ, ನಡುವಣ ಮಾತು ಮಾತ್ರ ಆ ರಾತ್ರಿ ಹುಟ್ಟಬೇಕು. ಬಯಲಾಟದಲ್ಲಿ ಕಿರೀಟ ಭುಜಕೀರ್ತಿಗಳ ಪೆಟ್ಟಿಗೆ ಹೇಗೆ ಯಾವೊಬ್ಬ ವೇಷಧಾರಿಯದೂ ಆಗಿರದೆ ಮೇಳದ್ದಾಗಿರುತ್ತದೆಯೋ ಹಾಗೆ ತಾಳಮದ್ದಳೆಗೂ ಒಂದು ಪೆಟ್ಟಿಗೆಯುಂಟು, ಆದರೆ ಅದು ಕಣ್ಣಿಗೆ ಕಾಣುವಂಥದಲ್ಲ. ಪ್ರಸಂಗದ ಪದ್ಯಗಳು, ಒಬ್ಬನೇ ಭಾಗವತನ ಕಂಠ, ಕುಮಾರವ್ಯಾಸ ಲಕ್ಷ್ಮೀಶ ತೊರವೆಯ ಕವಿಗಳಿಂದ ಎಲ್ಲರಿಗೂ ತಿಳಿದ ಕಥಾಸಾಮಗ್ರಿ, ಇವೆಲ್ಲಕ್ಕಿಂತ ಹೆಚ್ಚಾಗಿ ಬೆಳಗಿನವರೆಗೆ ಮಾತ್ರ ಇರುವ ಹೊತ್ತು ಅದರಲ್ಲಿ ಸೇರಿವೆ. ಒಬ್ಬನು ಹೆಚ್ಚಾಗಿ ತೆಗೆದುಕೊಂಡರೆ ಇನ್ನೊಬ್ಬನಿಗೆ ಕಡಿಮೆ. ಇದರ ಪಾರುಪತ್ಯ ಭಾಗವತನದು. ಮಾತು ಅಳತೆ ಮೀರಿತೆಂದು ಕಂಡರೆ ಅವನು ತಾಳವನ್ನು ತಟ್ಟಿ ಮುಂದಿನ ಪದ್ಯವನ್ನು ಎತ್ತುತ್ತಾನೆ, ಎಂಥ ಪಂಡಿತನೂ ಆಗ ಸುಮ್ಮನಾಗಲೇಬೇಕು.

ವಾಲಿವಧೆಯ ಪ್ರಸಂಗವನ್ನು ನೋಡಿದರೆ ಈ ಲೆಕ್ಕದ ಸೂಕ್ಷ್ಮ ತಿಳಿಯುತ್ತದೆ. ಮರೆಯಿಂದ ಬಂದ ಬಾಣ ತಾಗಿ ಬಿದ್ದ ವಾಲಿಯು ರಾಮನನ್ನು ಪ್ರಶ್ನಿಸುವ ಸಂದರ್ಭವೇ ಇದರ ಜೀವಾಳ. ವಾಲಿಯ ಅರ್ಥವನ್ನು ಹೇಳುವವನ ಮುಂದೆ ಹಲವು ದಾರಿಗಳಿವೆ. ತನಗೆ ಅಪರಾಧವನ್ನೇ ಮಾಡದವನ ಮೇಲೆ ಅಡಗಿ ಬಾಣವೆಸೆದುದು ಯಾವ ಕ್ಷತ್ರಿಯಧರ್ಮವೆಂದು ಕೇಳುವ ರಾಜನಾಗಬಹುದು. ಅಂಗದನ ಗತಿಯೇನೆಂದು ಕಳವಳಪಡುವ ತಂದೆಯಾಗಬಹುದು. ಅವತಾರಪುರುಷನ ಕೈಯಿಂದ ಸಾವು ಬಂದುದೇ ಭಾಗ್ಯವೆಂದು ತಿಳಿದ ಭಕ್ತನೂ ಆಗಬಹುದು. ಮೂರಕ್ಕೂ ಆಧಾರವುಂಟು. ಆದರೆ ಯುದ್ಧಕ್ಕೆ ಹೊರಡುವಾಗ ತಾರೆ ತಡೆದ ಕೂಡಲೇ, ರಾಮನು ಯಾರೆಂಬುದನ್ನು ನಾನು ಬಲ್ಲೆನೆಂದು ವಾಲಿಯು ಭಕ್ತಿಯ ಮಾತನ್ನೆಲ್ಲ ಆಡಿ ಮುಗಿಸಿದರೆ, ಮುಂದೆ ಬಾಣ ತಾಗಿದಾಗ ಕೇಳುವುದಕ್ಕೆ ಪ್ರಶ್ನೆ ಉಳಿಯುವುದಿಲ್ಲ. ರಾಮನ ಅರ್ಥಧಾರಿ ಉತ್ತರವನ್ನು ಹಿಡಿದುಕೊಂಡು ಸುಮ್ಮನೆ ಕುಳಿತಿರಬೇಕಾಗುತ್ತದೆ. ಪಾತ್ರವನ್ನು ಆರಿಸಿದವನು ಒಬ್ಬ. ಅದಕ್ಕೆ ಬೆಲೆ ತೆತ್ತವನು ಇದಿರಿನವನು. ಕರ್ಣಪರ್ವದಲ್ಲಿಯೂ ಇದೇ ಸ್ಥಿತಿ. ಶಲ್ಯನ ಅರ್ಥವನ್ನು ಯಾರಿಗಾದರೂ ಆಗಲೆಂದು ಕೊಟ್ಟ ಕೂಟದಲ್ಲಿ ಕರ್ಣನ ಅಳಲು ಎಷ್ಟು ಸಮರ್ಥನ ಬಾಯಲ್ಲಿಯೂ ಏರಲಾರದು. ವಾಲಿಯು ವಾದದಲ್ಲಿ ಗೆದ್ದರೂ ಕಥೆಯಲ್ಲಿ ಸಾಯಲೇಬೇಕೆಂಬುದು ಈ ಕಲೆಯ ಅತಿ ಕಠಿಣವಾದ, ನಮ್ಮ ದೃಷ್ಟಿಯಲ್ಲಿ ಅತಿ ಚೆಲುವಾದ ಕಟ್ಟಳೆ.

ಹೊರನಾಡಿನ ಒಂದು ಹೋಲಿಕೆ ಇಲ್ಲಿ ಅಪ್ರಸ್ತುತವಾಗಲಾರದು. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು 'ಡಂಜನ್ಸ್ ಅಂಡ್ ಡ್ರಾಗನ್ಸ್' ಎಂಬ ಆಟವನ್ನು ಪ್ರಕಟಿಸಿದರು. ಮೇಜಿನ ಸುತ್ತ ಕುಳಿತವರು ಒಂದೊಂದು ಪಾತ್ರವನ್ನು ಕಟ್ಟಿಕೊಂಡು ಮಾತಿನಲ್ಲಿಯೇ ಕಥೆಯನ್ನು ನಡೆಸುತ್ತಾರೆ. ಸೂತ್ರಧಾರನೊಬ್ಬನು ನಡುವೆ ಇರುತ್ತಾನೆ. ಪಾತ್ರದ ಶಕ್ತಿಗಳನ್ನು ಆರಿಸುವಾಗ ತಂಡಕ್ಕೆ ಏನು ಕೊರತೆ ಎಂದು ನೋಡಬೇಕೆ, ತನಗೆ ಏನು ಇಷ್ಟವೆಂದು ನೋಡಬೇಕೆ ಎಂಬ ಚರ್ಚೆ ಅಲ್ಲಿಯೂ ಇದೆ. ಅಲ್ಲಿ ಫಲವನ್ನು ತೀರ್ಮಾನಿಸುವುದು ದಾಳ, ಇಲ್ಲಿ ಪುರಾಣ. ಹೋಲಿಕೆಯನ್ನು ಇದಕ್ಕಿಂತ ಮುಂದೆ ಎಳೆಯುವುದು ಬೇಡ.

ಊರವರೇ ಸೇರುವ ಕೂಟದಲ್ಲಿ ಹಂಚಿಕೆಯ ಕ್ರಮ ಬರೆದಿಟ್ಟ ನಿಯಮವಲ್ಲ, ನೆರೆಹೊರೆಯ ತಿಳಿವಳಿಕೆ. ಹೊಸಬನಿಗೆ ದೂತನೋ ಸಾರಥಿಯೋ ಸಿಗುತ್ತದೆ. ಎರಡು ಪದ್ಯಗಳಿಗೆ ಅರ್ಥ ಹೇಳಿ, ಉಳಿದ ರಾತ್ರಿಯೆಲ್ಲ ಹಿರಿಯರ ಇದಿರಿನಲ್ಲಿ ಕುಳಿತು ಕೇಳುವುದೇ ಅವನ ಪಾಠಶಾಲೆ. ಈ ಕ್ರಮವನ್ನು ಬರಿಯ ಸೌಹಾರ್ದವೆಂದು ಬಣ್ಣಿಸುವುದು ಸರಿಯಲ್ಲ. ದೊಡ್ಡ ಮನೆಯ ಯಜಮಾನನ ಜಗಲಿಯಲ್ಲಿ ಕೂಟ ಸೇರಿದಾಗ ಕೃಷ್ಣನ ಅರ್ಥ ಅವನಿಗೇ ಸಲ್ಲುವ ಸಂಭವವಿತ್ತು. ತಾರೆ, ದ್ರೌಪದಿಯರ ಅರ್ಥವನ್ನೂ ಗಂಡಸರೇ ಹೇಳುತ್ತಿದ್ದರು. ಹೆಂಗಸರು ಕೇಳುವವರಾಗಿಯೇ ಉಳಿದರು. ಮಹಿಳೆಯರ ಕೂಟಗಳು ನೆಲೆಗೊಂಡುದು ಇಪ್ಪತ್ತನೆಯ ಶತಮಾನದ ಕಡೆಯ ದಶಕಗಳಿಂದ ಈಚೆಗೆ.

ಆ ಶತಮಾನದ ನಡುಗಾಲದಿಂದ ಹಂಚಿಕೆಯ ಕೇಂದ್ರ ಬದಲಾಗತೊಡಗಿತು. ಶೇಣಿ ಗೋಪಾಲಕೃಷ್ಣ ಭಟ್ಟ, ದೇರಾಜೆ ಸೀತಾರಾಮಯ್ಯ, ಮಲ್ಪೆಯ ಸಾಮಗ ಸೋದರರು ಮುಂತಾದವರ ಅರ್ಥಗಾರಿಕೆ ಈ ಕಲೆಯ ವಿಚಾರಶಕ್ತಿಯನ್ನು ಹಿಂದೆಂದೂ ಇಲ್ಲದ ಮಟ್ಟಕ್ಕೆ ಏರಿಸಿತು. ಇದರಲ್ಲಿ ಎರಡು ಮಾತಿಲ್ಲ. ಅದರ ಜೊತೆಗೆ, ಇಂಥವರ ವಾಲಿಗೆ ಇಂಥವರ ರಾಮ ಎಂದು ಕರಪತ್ರದಲ್ಲಿಯೇ ಪಾತ್ರಗಳು ಗೊತ್ತಾಗತೊಡಗಿದವು. ಎರಡು ಪ್ರಧಾನ ಅರ್ಥಗಳಿಗೆ ಹೊತ್ತೆಲ್ಲ ಸಂದು, ದೂತ ಸಾರಥಿಯರ ಪದ್ಯಗಳು ಬಿಟ್ಟುಹೋದವು. ಆಕಾಶವಾಣಿಯ ಪ್ರಸಾರಕ್ಕಾಗಿ ರಾತ್ರಿಯನ್ನು ಗಂಟೆಯ ಅಳತೆಗೆ ಇಳಿಸಿದಾಗಲೂ ಮೊದಲು ಕತ್ತರಿಗೆ ಸಿಕ್ಕಿದುದು ಅವೇ. ಕೇಳುವವರಿಗೆ ಲಾಭವಾಯಿತೆಂಬುದನ್ನು ಒಪ್ಪುತ್ತೇವೆ. ಕಲಿಯುವವನ ಪಾಲು ಮಾತ್ರ ಪೆಟ್ಟಿಗೆಯಿಂದ ಹೊರಗೆ ಬಿತ್ತು.

ಸಾಗರ, ಹೊಸನಗರಗಳಿಗೆ ಇನ್ನೊಂದು ಕಾರಣವೂ ಸೇರಿತು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ಹರಡಿದಾಗ ಈ ಎರಡು ತಾಲ್ಲೂಕುಗಳ ಅನೇಕ ಊರುಗಳು ಮುಳುಗಿದವು. ಅಲ್ಲಿನ ಮನೆತನಗಳು ದೂರದೂರಕ್ಕೆ ಚದುರಿದವು. ಮುಳುಗಡೆಯ ಪರಿಹಾರದಲ್ಲಿ ಗದ್ದೆ ತೋಟಗಳನ್ನು ಎಣಿಸಬಹುದು. ಆದರೆ ಒಂದು ಊರಿನ ಭಾಗವತ, ಎರಡನೆಯ ಊರಿನ ಮದ್ದಳೆಗಾರ, ಹೊಳೆಯಾಚೆಯ ಅರ್ಥಧಾರಿ, ಇವರು ಲಾಂದ್ರ ಹಿಡಿದು ನಡೆದು ಬರುವಷ್ಟು ಹತ್ತಿರದಲ್ಲಿ ಇದ್ದರೆಂಬುದು ಯಾವ ಲೆಕ್ಕದ ಪುಸ್ತಕಕ್ಕೂ ಸೇರುವ ಆಸ್ತಿಯಲ್ಲ. ಕೂಟವೆಂಬುದು ನಿಂತಿರುವುದು ಆ ಸಾಮೀಪ್ಯದ ಮೇಲೆ.

ಅರ್ಥದ ಮಾತು ಅಂದಂದಿಗೆ ಆರಿಹೋಗುವುದರಿಂದ ಹಂಚಿಕೆಯ ಇತಿಹಾಸಕ್ಕೆ ಲಿಖಿತ ಸಾಕ್ಷ್ಯ ವಿರಳ. ಹಾಡಬೇಕಾದ ಪದ್ಯದ ಪಕ್ಕದಲ್ಲಿ ಭಾಗವತರು ಪೆನ್ಸಿಲಿನಿಂದ ಗುರುತು ಹಾಕಿದ, ಬಿಡಬೇಕಾದುದನ್ನು ಗೆರೆಯಿಂದ ಸುತ್ತಿದ ಪ್ರಸಂಗದ ಪ್ರತಿಗಳೇ ಇದಕ್ಕೆ ಮುಖ್ಯ ಆಕರವಾಗಬಲ್ಲವು. ಮೂರು ತಾಲ್ಲೂಕುಗಳಿಂದ ಕಾಲೇಜಿಗೆ ಬರುವ ವಿದ್ಯಾರ್ಥಿಗಳು ತಮ್ಮ ಮನೆಗಳ ಅಟ್ಟದಲ್ಲಿ ಹುಡುಕುವಾಗ ಅಚ್ಚಿನ ಪುಸ್ತಕವೆಂದು ಇವನ್ನು ಕಡೆಗಣಿಸದಿರಲಿ. ಯಾವ ದೂತನ ಪದ್ಯದ ಸುತ್ತ ಗೆರೆ ಯಾವ ವರ್ಷದ ಪ್ರತಿಯಲ್ಲಿ ಮೊದಲು ಬಿದ್ದಿದೆಯೆಂಬುದನ್ನು ಗುರುತಿಸಿಕೊಳ್ಳುವುದರಿಂದ ಕೆಲಸ ಆರಂಭವಾಗಬೇಕು.