ಪೆಟ್ರೋಲ್ ಆರ್‌ಸಿ ಕಾರಿಗೆ ಬ್ರಷ್‌ಲೆಸ್ ಮೋಟರ್: ಇಂಜಿನ್ ಬಿಚ್ಚಿ ಮೋಟರ್ ಕೂರಿಸಿದರೆ ಮುಗಿಯಿತೇ?

ಆಳೆತ್ತರ ಧೂಳೆಬ್ಬಿಸುತ್ತಾ ಮೈದಾನದಲ್ಲಿ ಓಡುವ ದೊಡ್ಡ ರಿಮೋಟ್ ಕಾರು. ಮುಂದಿನ ದೃಶ್ಯದಲ್ಲಿ ಅದರ ಪೆಟ್ರೋಲ್ ಇಂಜಿನ್ ಮೇಜಿನ ಮೇಲೆ. ಅದರ ಮುಂದಿನ ದೃಶ್ಯದಲ್ಲಿ ಇಂಜಿನ್ ಇದ್ದ ಜಾಗದಲ್ಲಿ ಒಂದು ಮೋಟರ್, ಕಾರು ಮೊದಲಿಗಿಂತ ಜೋರಾಗಿ ಓಡುತ್ತಿದೆ. ಇಂಥ ವಿಡಿಯೋ ನಿಮಗೂ ಬಂದಿರಬಹುದು. ಜೊತೆಗೆ ನಾಲ್ಕು ಸಾಲು: ಅರ್ಧ ಗಂಟೆ ಕೆಲಸ, ಶಕ್ತಿ ಡಬಲ್, ಪೆಟ್ರೋಲ್ ಇಲ್ಲದ ಕಾರಣ ಬೆಂಕಿಯ ಭಯವಿಲ್ಲ, ಮಕ್ಕಳಿಗೂ ಕೊಡಬಹುದು.

ಶಕ್ತಿಯ ಮಾತು ನಿಜ. ಅರ್ಧ ಗಂಟೆ ಎಂಬುದು ವಿಡಿಯೋ ಎಡಿಟಿಂಗ್‌ನ ಮಹಿಮೆ. ಕೊನೆಯ ಎರಡು ಮಾತು ಮಾತ್ರ ಅಪಾಯಕಾರಿ ತಪ್ಪು.

ಮೊದಲು ಹೆಸರಿನ ಗೊಂದಲ ಬಿಡಿಸೋಣ. ಆರ್‌ಸಿ ಅಂದರೆ ಇಲ್ಲಿ ಆರ್‌ಟಿಒ ಕೊಡುವ ಕಾರ್ಡ್ ಅಲ್ಲ, ರೇಡಿಯೋ ಕಂಟ್ರೋಲ್. ವಿಡಿಯೋಗಳಲ್ಲಿ 'ಗ್ಯಾಸ್ ಕಾರು' ಎಂದು ಕೇಳಿ ಸಿಲಿಂಡರ್ ನೆನಪಿಸಿಕೊಳ್ಳಬೇಡಿ. ಅಮೆರಿಕದವರಿಗೆ ಪೆಟ್ರೋಲೇ ಗ್ಯಾಸ್. 'ನಿಟ್ರೋ ಕಾರು' ಇನ್ನೊಂದು ಜಾತಿ, ಅದು ಮೆಥನಾಲ್ ಮತ್ತು ನೈಟ್ರೋಮೀಥೇನ್ ಬೆರಸಿದ ಇಂಧನದಲ್ಲಿ ಓಡುತ್ತದೆ. ನಾವು ಮಾತಾಡುತ್ತಿರುವುದು ಎಚ್‌ಪಿಐ ಬಾಹಾ 5ಬಿ, ಲೋಸಿ ಫೈವ್-ಟಿ ತರಹದ ಕಾರುಗಳ ಬಗ್ಗೆ. ಇವು ನಿಜವಾದ ವಾಹನದ ಐದನೇ ಒಂದರಷ್ಟು ಗಾತ್ರ, ಸುಮಾರು ಹತ್ತು ಕಿಲೋ ಅಥವಾ ಅದಕ್ಕೂ ಹೆಚ್ಚು ತೂಕ. ಇವುಗಳಲ್ಲಿರುವುದು 23ರಿಂದ 30 ಸಿಸಿಯ 2-ಸ್ಟ್ರೋಕ್ ಇಂಜಿನ್. ಹುಲ್ಲು ಕತ್ತರಿಸುವ ಯಂತ್ರದ ಇಂಜಿನ್ನಿಗೆ ಹತ್ತಿರದ ನೆಂಟ. ಪೆಟ್ರೋಲಿಗೆ ಆಯಿಲ್ ಬೆರಸಿ ಹಾಕಬೇಕು, ಹಗ್ಗ ಎಳೆದು ಸ್ಟಾರ್ಟ್ ಮಾಡಬೇಕು.

ಇದನ್ನು ಎಲೆಕ್ಟ್ರಿಕ್ ಮಾಡುವ ಆಸೆ ಯಾಕೆ ಹುಟ್ಟುತ್ತದೆ ಎಂಬುದು, ಮಹಡಿ ಮನೆಗಳ ನಡುವೆ ಒಮ್ಮೆ ಇದನ್ನು ಸ್ಟಾರ್ಟ್ ಮಾಡಿ ನೋಡಿದವರಿಗೆ ಗೊತ್ತು. ಆ ಸದ್ದು, ಹೊಗೆ. ಸಾಲದ್ದಕ್ಕೆ ಈಗ ನಮ್ಮ ಬಂಕುಗಳ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಇರುತ್ತದೆ. ಎಥನಾಲ್ ಗಾಳಿಯ ತೇವ ಹೀರುತ್ತದೆ. ಇಂಥ ಪುಟ್ಟ ಕಾರ್ಬುರೇಟರುಗಳ ರಬ್ಬರ್ ಭಾಗಗಳಿಗೆ ಅದು ಒಗ್ಗುವುದಿಲ್ಲ. ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಪೆಟ್ರೋಲ್ ಬಿಟ್ಟರೆ ಮುಂದಿನ ರಜೆಗೆ ಕಾರು ಸ್ಟಾರ್ಟ್ ಆಗದೆ ಕೂರುತ್ತದೆ.

ಮಿಕ್ಸಿ ಮತ್ತು ಹೊಸ ಫ್ಯಾನ್

ಬ್ರಷ್‌ಲೆಸ್ ಅಂದರೇನು? ಮನೆಯ ಮಿಕ್ಸಿಯನ್ನು ನೆನಪಿಸಿಕೊಳ್ಳಿ. ಅದರ ಮೋಟರಿನೊಳಗೆ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸಲು ಎರಡು ಕಾರ್ಬನ್ ತುಂಡುಗಳು ಒತ್ತಿಕೊಂಡಿರುತ್ತವೆ. ಹಳೆಯ ಮಿಕ್ಸಿಯ ಕೆಳಗಿನ ಸಂದಿಯಲ್ಲಿ ಕಾಣುವ ನೀಲಿ ಕಿಡಿ ಅಲ್ಲಿಯದು. ಆ ತುಂಡುಗಳೇ ಬ್ರಷ್. ಅವು ಸವೆಯುತ್ತವೆ, ಕಾಯುತ್ತವೆ. ಬಿಎಲ್‌ಡಿಸಿ ಸೀಲಿಂಗ್ ಫ್ಯಾನಿನಲ್ಲಿ ಬ್ರಷ್ ಇಲ್ಲ. ತಿರುಗುವ ಭಾಗದಲ್ಲಿ ಆಯಸ್ಕಾಂತ, ನಿಂತ ಭಾಗದಲ್ಲಿ ಸುರುಳಿ. ಯಾವ ಸುರುಳಿಗೆ ಯಾವಾಗ ಕರೆಂಟ್ ಕೊಡಬೇಕೆಂದು ಒಂದು ಎಲೆಕ್ಟ್ರಾನಿಕ್ ಸರ್ಕ್ಯೂಟ್ ನಿರ್ಧರಿಸುತ್ತದೆ. ಆರ್‌ಸಿ ಕಾರಿನಲ್ಲೂ ಇದೇ ತತ್ವ, ಅಲ್ಲಿ ಆ ಸರ್ಕ್ಯೂಟಿಗೆ ಇಎಸ್‌ಸಿ ಎಂದು ಹೆಸರು. ಫ್ಯಾನ್ 30 ವ್ಯಾಟ್ ಆಸುಪಾಸಿನಲ್ಲಿ ತಿರುಗಿದರೆ, ಈ ಕಾರಿನ ಮೋಟರ್ ಒಂದು ಕ್ಷಣಕ್ಕೆ 3,000 ವ್ಯಾಟ್ ಎಳೆಯಬಲ್ಲದು. ಅಂದರೆ ಸುಮಾರು 4 ಅಶ್ವಶಕ್ತಿ. ಬಿಚ್ಚಿಟ್ಟ ಪೆಟ್ರೋಲ್ ಇಂಜಿನ್ ಕೊಡುತ್ತಿದ್ದದ್ದು 2ರಿಂದ 3. 'ಎಲೆಕ್ಟ್ರಿಕ್ ಅಂದರೆ ದುರ್ಬಲ' ಎನ್ನುವ ಹಳೆಯ ನಂಬಿಕೆಗೆ ಇಲ್ಲಿ ಜಾಗವಿಲ್ಲ.

800 ಕೆವಿ ಎಂದರೆ 800 ಕಿಲೋವೋಲ್ಟ್ ಅಲ್ಲ

ಇಂಥ ಕಾರುಗಳಿಗೆ ಹಾಕುವ ಮೋಟರುಗಳ ಮೇಲೆ, ಉದಾಹರಣೆಗೆ ಕ್ಯಾಸಲ್ ಕ್ರಿಯೇಷನ್ಸ್‌ನ 2028 ಮಾದರಿಯ ಮೇಲೆ, '800 ಕೆವಿ' ಎಂದಿರುತ್ತದೆ. ಹೈಟೆನ್ಷನ್ ಲೈನಿನಷ್ಟು ವೋಲ್ಟೇಜ್ ಎಂದು ಗಾಬರಿಯಾಗಬೇಕಿಲ್ಲ. ಇದು ಒಂದು ವೋಲ್ಟಿಗೆ ಮೋಟರ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂಬ ಲೆಕ್ಕ. ಕೆವಿ ಹೆಚ್ಚಿದ್ದಷ್ಟೂ ಮೋಟರ್ ಶಕ್ತಿಶಾಲಿ ಎಂಬುದೂ ತಪ್ಪು. ಭಾರದ ಕಾರಿಗೆ ಕಡಿಮೆ ಕೆವಿ, ಹೆಚ್ಚು ವೋಲ್ಟೇಜ್ ಇರುವ ಜೋಡಿಯೇ ಸರಿ.

ಲೆಕ್ಕ ಮಾಡಿ ನೋಡೋಣ. ದೊಡ್ಡ ಕಾರುಗಳಿಗೆ ಸಾಮಾನ್ಯವಾಗಿ 8ಎಸ್ ಬ್ಯಾಟರಿ, ಅಂದರೆ ಸಾಲಾಗಿ ಜೋಡಿಸಿದ 8 ಲಿಥಿಯಂ ಪಾಲಿಮರ್ ಸೆಲ್. ಒಂದಕ್ಕೆ 3.7 ವೋಲ್ಟ್, ಒಟ್ಟು 29.6. ಅದನ್ನು 800ರಿಂದ ಗುಣಿಸಿದರೆ ಭಾರವಿಲ್ಲದಾಗ ನಿಮಿಷಕ್ಕೆ 23,680 ಸುತ್ತು. ಹಳೆಯ ಇಂಜಿನ್ ಗರಿಷ್ಠ 16,000 ಸುತ್ತು ತಿರುಗುತ್ತಿತ್ತು ಎಂದುಕೊಳ್ಳಿ. ಮೋಟರ್ ಅದರ ಒಂದೂವರೆ ಪಟ್ಟು. ಹಾಗಾಗಿ ಹಳೆಯ ಗೇರನ್ನೇ ಉಳಿಸಿಕೊಂಡರೆ ಟಾಪ್ ಸ್ಪೀಡ್ ಕಾಗದದ ಮೇಲೆ ಒಂದೂವರೆ ಪಟ್ಟಾಗುತ್ತದೆ, ಮೈದಾನದಲ್ಲಿ ಮೋಟರ್ ಕಾದು ಹೋಗುತ್ತದೆ. 19 ಹಲ್ಲಿನ ಪಿನಿಯನ್ ಇದ್ದ ಕಡೆ 13 ಹಲ್ಲಿನದು ಹಾಕಿದರೆ ವೇಗ ಮೊದಲಿನಷ್ಟೇ ಉಳಿದು, ಎಳೆಯುವ ಬಲ ಹೆಚ್ಚುತ್ತದೆ. ವಿಡಿಯೋಗಳಲ್ಲಿ ತೋರಿಸದ ಕೆಲಸ ಇದೇ. ಮೊದಲ ಓಟ ಐದು ನಿಮಿಷ, ಆಮೇಲೆ ಮೋಟರಿನ ತಾಪಮಾನ ಅಳೆಯುವುದು. 80 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದಿದ್ದರೆ ನಿಲ್ಲಿಸಿ ಇನ್ನೂ ಸಣ್ಣ ಪಿನಿಯನ್ ಹಾಕುವುದು. ಹೆಚ್ಚು ಕಾದರೆ ಒಳಗಿನ ಆಯಸ್ಕಾಂತದ ಬಲ ಕುಗ್ಗುತ್ತದೆ, ಅದು ತಣ್ಣಗಾದ ಮೇಲೂ ಪೂರ್ತಿ ವಾಪಸ್ ಬರದೇ ಇರಬಹುದು.

ಇಂಜಿನ್ ಸದ್ದಿಲ್ಲದೆ ಮಾಡುತ್ತಿದ್ದ ಕೆಲಸಗಳು

ಇಂಜಿನ್, ಟ್ಯಾಂಕ್, ಸೈಲೆನ್ಸರ್, ಕ್ಲಚ್ ಎಲ್ಲ ಹೊರಬಂದ ಮೇಲೆ ಜಾಗ ಧಾರಾಳ. ಮೋಟರ್ ಕೂರಿಸಲು ದಪ್ಪ ಅಲ್ಯುಮಿನಿಯಂ ಮೌಂಟ್ ಬೇಕು. ಕೆಲವು ಮಾದರಿಗಳಿಗೆ ಸಿದ್ಧ ಕಿಟ್ ಸಿಗುತ್ತದೆ, ಉಳಿದವಕ್ಕೆ ಲೇತ್ ಅಂಗಡಿಯೇ ಗತಿ. ಮೌಂಟ್ ಕೂದಲೆಳೆಯಷ್ಟು ಅಲುಗಿದರೂ ಗೇರಿನ ಹಲ್ಲುಗಳು ಪುಡಿಯಾಗುತ್ತವೆ.

ಕ್ಲಚ್ ಹೋಯಿತಲ್ಲ, ಅದರ ಬಗ್ಗೆ ಯಾರೂ ಯೋಚಿಸುವುದಿಲ್ಲ. ಇಂಜಿನ್ ಸಾಕಷ್ಟು ಸುತ್ತು ಏರಿದ ಮೇಲೆ ಮಾತ್ರ ಆ ಕ್ಲಚ್ ಹಿಡಿಯುತ್ತಿತ್ತು, ಹಿಡಿಯುವಾಗ ಸ್ವಲ್ಪ ಜಾರುತ್ತಿತ್ತು. ಆ ಜಾರುವಿಕೆಯೇ ಗೇರು, ಡಿಫರೆನ್ಷಿಯಲ್, ಡ್ರೈವ್‌ಶಾಫ್ಟ್‌ಗಳನ್ನು ಕಾಪಾಡುತ್ತಿತ್ತು. ಮೋಟರ್ ನಿಂತಲ್ಲಿಂದಲೇ ಪೂರ್ತಿ ತಿರುಚುಬಲ ಕೊಡುತ್ತದೆ. ಟ್ರಿಗರ್ ಒಮ್ಮೆಲೇ ಒತ್ತಿದರೆ ಪ್ಲಾಸ್ಟಿಕ್ ಸ್ಪರ್ ಗೇರಿನ ಹಲ್ಲು ಉದುರುತ್ತದೆ. ಅದಕ್ಕೇ ಸ್ಟೀಲ್ ಗೇರ್ ಹಾಕುತ್ತಾರೆ, ಮತ್ತು ಇಎಸ್‌ಸಿಯ ಸೆಟ್ಟಿಂಗಿನಲ್ಲಿ ಆರಂಭದ ಒದೆತವನ್ನು ತಗ್ಗಿಸುತ್ತಾರೆ.

ಪೆಟ್ರೋಲ್ ಕಾರಿನಲ್ಲಿ ರಿಸೀವರ್ ಮತ್ತು ಸ್ಟೀರಿಂಗ್ ಸರ್ವೋಗಳಿಗೆ ಬೇರೆಯೇ ಒಂದು ಚಿಕ್ಕ ಬ್ಯಾಟರಿ ಇರುತ್ತದೆ. ಎಲೆಕ್ಟ್ರಿಕ್ ಆದಮೇಲೆ ಆ ಕರೆಂಟನ್ನು ಇಎಸ್‌ಸಿಯೇ ಕೊಡಬಲ್ಲದು. ಆದರೆ ದೊಡ್ಡ ಸರ್ವೋ ಬೇಡುವಷ್ಟು ಕೊಡಲಾಗದಿದ್ದರೆ ರಿಸೀವರ್ ಅರೆಕ್ಷಣ ಮಂಕಾಗುತ್ತದೆ, ಕಾರು ಕೈ ತಪ್ಪುತ್ತದೆ. ಅನುಮಾನವಿದ್ದರೆ ಹಳೆಯ ಚಿಕ್ಕ ಬ್ಯಾಟರಿಯನ್ನೇ ಉಳಿಸಿಕೊಳ್ಳುವುದು ಲೇಸು. ಆಗ ಇಎಸ್‌ಸಿಯಿಂದ ರಿಸೀವರಿಗೆ ಬರುವ ಕೆಂಪು ತಂತಿಯನ್ನು ಬಿಡಿಸಬೇಕು. ಸಿಗ್ನಲ್ ತಪ್ಪಿದರೆ ಕಾರು ನಿಲ್ಲುವಂತೆ ಫೇಲ್‌ಸೇಫ್ ಸೆಟ್ ಮಾಡಿ, ಚಕ್ರಗಳನ್ನು ನೆಲದಿಂದ ಎತ್ತಿಟ್ಟು ರಿಮೋಟ್ ಆಫ್ ಮಾಡಿ ಪರೀಕ್ಷಿಸದೆ ಹೊರಗೆ ಒಯ್ಯಲೇಬಾರದು.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. 10 ಕಿಲೋ ಕಾರು ಗಂಟೆಗೆ 80 ಕಿ.ಮೀ. ವೇಗದಲ್ಲಿದ್ದಾಗ ಅದರಲ್ಲಿರುವ ಚಲನಶಕ್ತಿ ಸುಮಾರು 2,470 ಜೂಲ್. ವೇಗದ ಬೌಲರ್ 140 ಕಿ.ಮೀ.ಯಲ್ಲಿ ಎಸೆದ ಕ್ರಿಕೆಟ್ ಚೆಂಡಿನದು ಸುಮಾರು 120. ಇಪ್ಪತ್ತು ಚೆಂಡು ಒಟ್ಟಿಗೆ ಮೊಣಕಾಲಿಗೆ ಬಡಿದ ಹಾಗೆ. ಪೆಟ್ರೋಲ್ ಕಾರಾದರೆ ಅದರ ಸದ್ದೇ ಎಚ್ಚರಿಸುತ್ತಿತ್ತು. ಇದು ಹತ್ತಿರ ಬಂದದ್ದು ಪಕ್ಕದಲ್ಲಿ ಆಡುವ ಮಗುವಿಗೆ ತಿಳಿಯುವುದೇ ಇಲ್ಲ.

ಎಷ್ಟು ಹೊತ್ತು ಓಡುತ್ತದೆ?

ಇಲ್ಲಿ ಪೆಟ್ರೋಲ್ ಗೆಲ್ಲುತ್ತದೆ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9,400 ವ್ಯಾಟ್-ಅವರ್ ಶಕ್ತಿ ಇದೆ. 700 ಎಂಎಲ್ ಟ್ಯಾಂಕಿನಲ್ಲಿ 6,600. ಸಣ್ಣ 2-ಸ್ಟ್ರೋಕ್ ಇಂಜಿನ್ ಅದರ ಬಹುಪಾಲನ್ನು ಶಾಖ ಮತ್ತು ಹೊಗೆಯಲ್ಲಿ ಕಳೆಯುತ್ತದೆ. ಹತ್ತರಲ್ಲಿ ಒಂದೇ ಪಾಲು ಚಕ್ರಕ್ಕೆ ಬಂದರೂ 660 ಉಳಿಯಿತು. 5,000 ಎಂಎಎಚ್‌ನ 8ಎಸ್ ಬ್ಯಾಟರಿಯಲ್ಲಿ ಇರುವುದೇ 148. ಪೆಟ್ರೋಲಿನಲ್ಲಿ ಮುಕ್ಕಾಲು ಗಂಟೆ ಆಡುತ್ತಿದ್ದವರು ಕಾಲು ಗಂಟೆಗೆ ಸಿದ್ಧರಾಗಬೇಕು.

ಬೆಂಕಿಯ ಭಯ ಹೋಗಿಲ್ಲ, ಮನೆಯೊಳಗೆ ಬಂದಿದೆ

ಪೆಟ್ರೋಲ್ ಡಬ್ಬಿಯನ್ನು ಯಾರೂ ಹಾಸಿಗೆಯ ಪಕ್ಕ ಇಡುವುದಿಲ್ಲ. ಬ್ಯಾಟರಿಯನ್ನು ಇಡುತ್ತಾರೆ, ರಾತ್ರಿಯಿಡೀ ಚಾರ್ಜಿಗೂ ಹಾಕುತ್ತಾರೆ.

ಈ ಬ್ಯಾಟರಿಗಳು ಫೋನಿನದರ ಹತ್ತಿರದ ಸಂಬಂಧಿಗಳೇ, ಆದರೆ ಫೋನಿನಲ್ಲಿರುವ ರಕ್ಷಣಾ ಸರ್ಕ್ಯೂಟ್ ಇವುಗಳೊಳಗೆ ಸಾಮಾನ್ಯವಾಗಿ ಇರುವುದಿಲ್ಲ. ಗಟ್ಟಿ ಕವಚವೂ ಇಲ್ಲದ ಮೆತ್ತನೆಯ ಪೊಟ್ಟಣಗಳು ಎಷ್ಟೋ. ಸೆಲ್ ಒಂದಕ್ಕೆ 4.2 ವೋಲ್ಟ್ ದಾಟಬಾರದು, 3 ವೋಲ್ಟಿನ ಕೆಳಗೆ ಇಳಿಯಬಾರದು. ಅದಕ್ಕೇ ಪ್ರತಿ ಸೆಲ್ಲನ್ನೂ ಬೇರೆಬೇರೆ ನೋಡಿಕೊಳ್ಳುವ ಬ್ಯಾಲೆನ್ಸ್ ಚಾರ್ಜರೇ ಬೇಕು. 5,000 ಎಂಎಎಚ್ ಬ್ಯಾಟರಿಗೆ 5 ಆಂಪಿಯರ್ ಮೀರದ ಚಾರ್ಜಿಂಗ್, ಎದುರಿಗೆ ನೀವು, ಕೆಳಗೆ ಸಿಮೆಂಟ್ ಅಥವಾ ಟೈಲ್ಸ್. ಕೆಲವು ದಿನ ಓಡಿಸುವುದಿಲ್ಲವೆಂದರೆ ಸೆಲ್‌ಗೆ 3.8 ವೋಲ್ಟಿನ ಆಸುಪಾಸಿಗೆ ತಂದು ಇಡಬೇಕು. ಪೂರ್ತಿ ತುಂಬಿಟ್ಟ ಬ್ಯಾಟರಿ ಸುಮ್ಮನೆ ಕೂತಲ್ಲೇ ಹಾಳಾಗುತ್ತಾ ಹೋಗುತ್ತದೆ. ಮೇಲೆ '100ಸಿ' ಎಂದು ಬರೆದಿದ್ದರೆ 5,000 ಎಂಎಎಚ್‌ನಿಂದ 500 ಆಂಪಿಯರ್ ಬರಬೇಕು. ಆ ಅಂಕಿಗಳಲ್ಲಿ ಜಾಹೀರಾತಿನ ಪಾಲು ದೊಡ್ಡದು, ಪೂರ್ತಿ ನಂಬಿ ಸಣ್ಣ ಬ್ಯಾಟರಿ ಕೊಳ್ಳಬೇಡಿ.

ಎರಡು 4ಎಸ್ ಬ್ಯಾಟರಿಗಳನ್ನು ಸೇರಿಸಿ 8ಎಸ್ ಮಾಡುವಾಗ ಎರಡೂ ಒಂದೇ ಮಾದರಿಯವು, ಒಂದೇ ವಯಸ್ಸಿನವು, ಒಂದೇ ಮಟ್ಟಕ್ಕೆ ಚಾರ್ಜ್ ಆದವು ಇರಬೇಕು. ಕೊನೆಯ ಪ್ಲಗ್ ಕೂಡಿಸುವಾಗ ಪಟಾರ್ ಎಂದು ಕಿಡಿ ಹಾರುವುದು ಇಎಸ್‌ಸಿಯ ಕೆಪಾಸಿಟರ್‌ಗಳು ತುಂಬಿಕೊಳ್ಳುವುದರಿಂದ. ಒಳಗೆ ರೆಸಿಸ್ಟರ್ ಇರುವ ಎಕ್ಸ್‌ಟಿ90-ಎಸ್ ತರಹದ ಪ್ಲಗ್ ಬಳಸಿದರೆ ಅದು ತಪ್ಪುತ್ತದೆ. ಪ್ಲಸ್-ಮೈನಸ್ ತಿರುವುಮುರುವಾದರೆ ಮಾತ್ರ ಯಾವ ಪ್ಲಗ್ಗೂ ಕಾಪಾಡುವುದಿಲ್ಲ, ಇಎಸ್‌ಸಿ ಅಲ್ಲಿಗೇ ಮುಗಿಯಿತು.

'ಲಿಥಿಯಂ ಬೆಂಕಿಗೆ ನೀರು ಹಾಕಿದರೆ ಸ್ಫೋಟ' ಎಂಬ ಫಾರ್ವರ್ಡ್ ಕೂಡ ಓಡಾಡುತ್ತದೆ. ಶುದ್ಧ ಲಿಥಿಯಂ ಲೋಹ ನೀರಿನೊಂದಿಗೆ ವರ್ತಿಸುವುದು ನಿಜ. ಆದರೆ ಈ ಸೆಲ್‌ಗಳಲ್ಲಿ ಲಿಥಿಯಂ ಬಹುಪಾಲು ಸಂಯುಕ್ತಗಳ ರೂಪದಲ್ಲಿದೆ. ವಿಮಾನದಲ್ಲಿ ಲ್ಯಾಪ್‌ಟಾಪ್ ಬ್ಯಾಟರಿಗೆ ಬೆಂಕಿ ಬಿದ್ದರೆ ನೀರು ಹಾಕಿ ತಣ್ಣಗಾಗಿಸಿ ಎಂದೇ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಹೇಳುತ್ತದೆ. ಒಂದು ಸೆಲ್ಲಿನ ಶಾಖ ಪಕ್ಕದ ಸೆಲ್ಲಿಗೆ ಹರಡುವುದನ್ನು ತಡೆಯಬೇಕು, ಆ ಕೆಲಸ ನೀರಿನದು. ಮರಳು ಕಿಡಿ ಹಾರದಂತೆ ತಡೆಯುತ್ತದೆ, ತಣ್ಣಗಾಗಿಸುವುದಿಲ್ಲ. ಚಾರ್ಜರ್ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದ್ದರೆ ಮೊದಲು ಮೇನ್ ಆಫ್ ಮಾಡಬೇಕು. ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್‌ನಂಥ ವಿಷಾನಿಲ ಇರುತ್ತದೆ, ಮುಚ್ಚಿದ ಕೋಣೆಯಾದರೆ ಬೆಂಕಿ ಆರಿಸುವ ಸಾಹಸಕ್ಕಿಂತ ಎಲ್ಲರನ್ನೂ ಹೊರಗೆ ಕರೆತಂದು 101 ಅಥವಾ 112ಕ್ಕೆ ಫೋನ್ ಮಾಡುವುದೇ ಸರಿ.

ವಿದೇಶದಲ್ಲಿರುವ ಅಣ್ಣನೋ ಭಾವನೋ ಬರುವಾಗ ಬ್ಯಾಟರಿ ತರಿಸುವ ಯೋಚನೆ ಇದ್ದರೆ, 5,000 ಎಂಎಎಚ್‌ನ ಒಂದು 4ಎಸ್ ಬ್ಯಾಟರಿ 74 ವ್ಯಾಟ್-ಅವರ್. 100ರ ಒಳಗಿರುವ ಕಾರಣ ತುದಿಗಳನ್ನು ಮುಚ್ಚಿ ಕೈಚೀಲದಲ್ಲಿ ತರಬಹುದು, ಚೆಕ್-ಇನ್ ಲಗೇಜಿನಲ್ಲಿ ಹಾಕುವಂತಿಲ್ಲ. ಏರ್‌ಲೈನ್‌ನ ಸ್ವಂತ ನಿಯಮವನ್ನೂ ಒಮ್ಮೆ ನೋಡಿಕೊಳ್ಳಲಿ. ಉಬ್ಬಿದ ಬ್ಯಾಟರಿಯನ್ನು ಚುಚ್ಚಬೇಡಿ, ಕಸದ ಗಾಡಿಗೆ ಹಾಕಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಅದು ಪ್ರತ್ಯೇಕವಾಗಿ ಸಂಗ್ರಹವಾಗಬೇಕಾದ ವಸ್ತು, ಇ-ತ್ಯಾಜ್ಯ ಪಡೆಯುವ ಕೇಂದ್ರಕ್ಕೆ ಕೊಡಿ.

ಖರ್ಚು? ಮೋಟರ್, ಇಎಸ್‌ಸಿ, ಎರಡು ಬ್ಯಾಟರಿ, ಚಾರ್ಜರ್, ಮೌಂಟ್, ಸ್ಟೀಲ್ ಗೇರ್ ಸೇರಿದರೆ ಸೆಕೆಂಡ್‌ಹ್ಯಾಂಡ್ ಕಾರಿನ ಬೆಲೆಯನ್ನೇ ದಾಟಬಹುದು. ಟ್ರಾಕ್ಸಸ್ ಎಕ್ಸ್-ಮ್ಯಾಕ್ಸ್‌ನಂಥ 8ಎಸ್ ಕಾರುಗಳು ಕಾರ್ಖಾನೆಯಿಂದಲೇ ಎಲೆಕ್ಟ್ರಿಕ್ ಆಗಿ ಬರುತ್ತವೆ. ಕೈಕೆಲಸದ ಖುಷಿಗಾಗಿ ಅಥವಾ ಮೂಲೆಯಲ್ಲಿ ಕೂತಿರುವ ಹಳೆಯ ಕಾರಿಗೆ ಜೀವ ಕೊಡಲಿಕ್ಕಾದರೆ ಮಾತ್ರ ಈ ಪರಿವರ್ತನೆ ಲೆಕ್ಕಕ್ಕೆ ಕೂಡುತ್ತದೆ.

ಇನ್ನು, ವಿಡಿಯೋ ನೋಡಿ 'ನನ್ನ ಸ್ಕೂಟರಿಗೂ ಹೀಗೇ ಮಾಡಬಹುದಲ್ಲ' ಎಂದುಕೊಂಡವರಿಗೆ: ರಸ್ತೆಯ ವಾಹನಕ್ಕೆ ಎಐಎಸ್-123 ಮಾನದಂಡದಡಿ ಅನುಮೋದನೆ ಪಡೆದ ಕಿಟ್ಟನ್ನೇ ಹಾಕಿಸಿ, ಬದಲಾವಣೆಯನ್ನು ಆರ್‌ಟಿಒದಲ್ಲಿ ದಾಖಲಿಸಬೇಕು. ಅಲ್ಲಿ ಬೇಕಾಗುವುದು ಇನ್ನೊಂದು ಆರ್‌ಸಿ.