ಪಡ್ರೆಯ ಪ್ರಶ್ನೆ ಮತ್ತು ಗಣಕಯಂತ್ರದ ಉತ್ತರ



ನಮ್ಮಲ್ಲಿ ಹಲವರ ಹುಟ್ಟೂರು ಕಾಸರಗೋಡಿನ ಆಸುಪಾಸು. ಎಣ್ಮಕಜೆ ಪಂಚಾಯತಿಯ ಪಡ್ರೆ ಗ್ರಾಮದ ಹೆಸರನ್ನು ಕೇಳದವರು ಇಲ್ಲಿ ವಿರಳ. ಅಲ್ಲಿಯ ಗುಡ್ಡಗಳ ಗೇರು ತೋಟಗಳಿಗೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ತೋಟಗಳು ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನವು; ತಪ್ಪಲಿನ ತೋಡು, ಬಾವಿ, ಸುರಂಗಗಳ ನೀರನ್ನು ಕುಡಿಯುವವರು ಊರಿನ ಜನ. ಅಲ್ಲಿಯ ವೈದ್ಯ ವೈ. ಎಸ್. ಮೋಹನ ಕುಮಾರರು ತಮ್ಮ ರೋಗಿಗಳಲ್ಲಿ ಅಪಸ್ಮಾರ, ಬುದ್ಧಿಮಾಂದ್ಯ, ಅರ್ಬುದಗಳು ಅಸಹಜವಾಗಿ ಹೆಚ್ಚಿರುವುದನ್ನು ಗಮನಿಸಿದರು. ಪತ್ರಕರ್ತ ಶ್ರೀಪಡ್ರೆಯವರು ಆ ಸಂಕಟವನ್ನು ಹೊರಜಗತ್ತಿಗೆ ತಿಳಿಸಿದರು.

ಆಗ ಎದ್ದ ಪ್ರಶ್ನೆ ಒಂದೇ: ಸಿಂಪಡಣೆಯೇ ಕಾರಣವೆಂಬುದಕ್ಕೆ ಪುರಾವೆ ಏನು? ಸಿಂಪಡಿಸದೆ ಇದ್ದಿದ್ದರೆ ಅದೇ ಮಗು ಹೇಗಿರುತ್ತಿತ್ತು ಎಂಬುದನ್ನು ಯಾರೂ ಕಾಣಲಾರರು. ಆದುದರಿಂದ ಅಂಥದೇ ಬೇರೆ ಮಕ್ಕಳೊಡನೆ ಹೋಲಿಸಬೇಕಾಗುತ್ತದೆ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ 2001ರಲ್ಲಿ ಕೈಗೊಂಡ ಅಧ್ಯಯನದ ಹಾದಿ ಇದೇ. 2003ರಲ್ಲಿ ಪ್ರಕಟವಾದ ಅದರ ಒಂದು ವರದಿಯಲ್ಲಿ ಪಡ್ರೆಯ 117 ಹುಡುಗರನ್ನು ಸಿಂಪಡಣೆಯಿಲ್ಲದ ಊರಿನ 90 ಹುಡುಗರೊಡನೆ ಹೋಲಿಸಲಾಗಿತ್ತು. ವಯಸ್ಸಿನ ಅಂತರವನ್ನು ಲೆಕ್ಕದಲ್ಲಿ ಸರಿದೂಗಿಸಿದ ಮೇಲೂ ಪಡ್ರೆಯ ಹುಡುಗರ ಪ್ರೌಢತೆ ತಡವಾಗಿರುವಂತೆ ಕಂಡುಬಂತು. ಪರೀಕ್ಷೆಗೆ ಒಳಗಾದವರ ಸಂಖ್ಯೆ ಚಿಕ್ಕದೆಂಬ ಮಿತಿಯನ್ನು ಸಂಶೋಧಕರೇ ಒಪ್ಪಿಕೊಂಡರು.

ಈ ಸರಿದೂಗಿಸುವ ವಿದ್ಯೆಗೆ ದೀರ್ಘ ಇತಿಹಾಸವಿದೆ. 1923ರಲ್ಲಿ ನೇಮನ್, 1974ರಲ್ಲಿ ರೂಬಿನ್ ಅದರ ತತ್ತ್ವವನ್ನು ನಿರೂಪಿಸಿದರು. 1983ರಲ್ಲಿ ರೋಸೆನ್‌ಬಾಮ್ ಮತ್ತು ರೂಬಿನ್ ಸಮಾನರನ್ನು ಜೋಡಿಸುವ ಅಂಕವಿಧಾನವನ್ನು ಕೊಟ್ಟರು. ಕಾಲಕಾಲಕ್ಕೆ ಬದಲಾಗುವ ಸೋಂಕು-ಸಂಪರ್ಕಗಳ ಲೆಕ್ಕಕ್ಕೆ ರಾಬಿನ್ಸ್ 1986ರಲ್ಲಿ ದಾರಿ ತೋರಿದರು. ಇಂಥ ಲೆಕ್ಕಗಳು ಕಾಗದ-ಪೆನ್ಸಿಲಿಗೆ ಎಟುಕುವಂಥವಲ್ಲ. 1985ರಲ್ಲಿ ಅಮೆರಿಕದ ರೋಗನಿಯಂತ್ರಣ ಕೇಂದ್ರ ಹೊರತಂದ ಎಪಿ ಇನ್ಫೋ, 1990ರ ದಶಕದಲ್ಲಿ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಇಹಾಕ ಮತ್ತು ಜಂಟಲ್ಮನ್ ರೂಪಿಸಿದ ‘ಆರ್’, ಇವೆರಡೂ ಉಚಿತವಾಗಿ ದೊರೆತುದರಿಂದ ಬಡ ದೇಶದ ವೈದ್ಯನ ಮೇಜಿಗೂ ಈ ವಿದ್ಯೆ ತಲುಪಿತು.

ಆದರೆ ತಂತ್ರಾಂಶಕ್ಕೆ ಎರಡು ಮಿತಿಗಳಿವೆ. ಯಾವ ಅಂಶಗಳನ್ನು ಪರಿಗಣಿಸಬೇಕೆಂದು ಅದು ತಾನಾಗಿ ಅರಿಯದು. ಊರನ್ನು ಬಲ್ಲವರೇ ಹೇಳಬೇಕು. ಎರಡನೆಯದಾಗಿ, ಅದು ಹೇಳುವುದು ಒಂದು ಗುಂಪಿನ ಸರಾಸರಿಯನ್ನು. ‘ನನ್ನ ಮಗನ ಕಾಯಿಲೆ ಇದರಿಂದಲೇ ಬಂತೇ?’ ಎಂಬ ತಾಯಿಯ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಪರಿಹಾರದ ಪಟ್ಟಿಗಾದರೋ ಒಬ್ಬೊಬ್ಬರ ಹೆಸರೇ ಬೇಕು.

2011ರಲ್ಲಿ ಸುಪ್ರೀಂ ಕೋರ್ಟು ಈ ಕೀಟನಾಶಕವನ್ನು ನಿಷೇಧಿಸಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಆದೇಶಿಸಿತು. ಸಂಪೂರ್ಣ ಪುರಾವೆಗಾಗಿ ಕಾಯುತ್ತ ಕೂತಿದ್ದರೆ ಇದಾವುದೂ ನಡೆಯುತ್ತಿರಲಿಲ್ಲ. ಹಾಗೆಂದು ಪುರಾವೆ ಬೇಡವೆನ್ನುವಂತೆಯೂ ಇಲ್ಲ. ಹಳ್ಳಿಯ ವೈದ್ಯರೊಬ್ಬರು ತಮ್ಮ ರೋಗಿಗಳನ್ನು ಕಣ್ತೆರೆದು ನೋಡಿದುದರಿಂದಲೇ ಇಷ್ಟೆಲ್ಲ ಆರಂಭವಾಯಿತು ಎಂಬುದನ್ನು ರಜೆಯಲ್ಲಿ ಊರಿಗೆ ಹೋದಾಗ ನಮ್ಮ ಮಕ್ಕಳಿಗೆ ತಿಳಿಸೋಣ.