ನಾಲಗೆಯ ಮೇಲಿನ ನಿಘಂಟು

ಬಾಯಿಪಾಠವೆಂದರೆ ಗಿಳಿಪಾಠವೆಂದು ಹಳಿಯುವುದು ನಮ್ಮಲ್ಲಿ ರೂಢಿ. ತರಗತಿಯಲ್ಲಿ ನಾನೂ ಬಹುಕಾಲ ಹಾಗೆಯೇ ಹೇಳಿದವನು. ಆ ಮಾತನ್ನು ತುಸು ತಿದ್ದಿಕೊಳ್ಳಬೇಕೆಂದು ಈಗ ತೋರುತ್ತದೆ.

ನಮ್ಮ ಪ್ರಾಚೀನ ನಿಘಂಟುಗಳು ಪುಟ ತಿರುವಿ ನೋಡುವುದಕ್ಕೆಂದು ಹುಟ್ಟಿದವಲ್ಲ. ಅಮರಸಿಂಹನ ಕೋಶವಿರುವುದು ಪದ್ಯದಲ್ಲಿ. ಕನ್ನಡದ ರನ್ನಕಂದ, ನಾಗವರ್ಮನ ವಸ್ತುಕೋಶ, 1398ರ ಮಂಗರಾಜನ ನಿಘಂಟು, ಲಿಂಗಮಂತ್ರಿಯ ಕಬ್ಬಿಗರ ಕೈಪಿಡಿ ಇವೂ ಪದ್ಯಗಳೇ. ಅಕಾರಾದಿ ಕ್ರಮ ಕಣ್ಣಿಗೆ ಅನುಕೂಲ, ಛಂದಸ್ಸು ನಾಲಗೆಗೆ.

ಆದರೆ ಕಂಠಪಾಠ ಅಭ್ಯಾಸದ ಮೊದಲ ಅರ್ಧ ಮಾತ್ರ. ಸಂಜೆ ದೀಪ ಹಚ್ಚಿದ ಮೇಲೆ ನಮ್ಮ ತಾತ ಶ್ಲೋಕ ಒಪ್ಪಿಸಿಕೊಂಡು ಸುಮ್ಮನಾಗುತ್ತಿರಲಿಲ್ಲ. ಅಮರಕೋಶದಲ್ಲಿ ನೀರಿಗೆ ಇಪ್ಪತ್ತಕ್ಕೂ ಹೆಚ್ಚು ಹೆಸರುಗಳಿವೆ. ಅವುಗಳಲ್ಲಿ ಜಲ, ವಾರಿ, ಅಂಬು, ನೀರ, ತೋಯ ಎಂಬ ಐದನ್ನು ಆರಿಸುತ್ತಿದ್ದರು. 'ಜ' ಸೇರಿಸು ಎಂದರೆ ಜಲಜ, ವಾರಿಜ, ಅಂಬುಜ, ನೀರಜ, ತೋಯಜ, ಎಲ್ಲವೂ ತಾವರೆ. 'ದ' ಸೇರಿಸಿದರೆ ಜಲದ, ವಾರಿದ ಮೊದಲಾಗಿ ಐದೂ ಮೋಡ. 'ಧಿ' ಸೇರಿಸಿದರೆ ಐದೂ ಕಡಲು. ನೆನಪಿಟ್ಟದ್ದು ಐದು ಮಾತು, ಮೂರು ಅಕ್ಷರ. ದಕ್ಕಿದ್ದು ಹದಿನೈದು ಪದ. ತಡವರಿಸಿದರೆ ಮತ್ತೆ ಮೊದಲಿನಿಂದ.

ಇದರ ಬೆಲೆ ನನಗೆ ತಿಳಿದದ್ದು ಮುಂದೆ ಅಷ್ಟಾವಧಾನವೊಂದರಲ್ಲಿ ನಿಷೇಧಾಕ್ಷರಿಯನ್ನು ಕಂಡಾಗ. ಅಲ್ಲಿ ಅವಧಾನಿ ಒಂದೊಂದೇ ಅಕ್ಷರವಾಗಿ ಪದ್ಯ ಕಟ್ಟುತ್ತಾನೆ. ಪೃಚ್ಛಕ ಮುಂದಿನ ಅಕ್ಷರವನ್ನು ಊಹಿಸಿ ನಿಷೇಧಿಸುತ್ತಾನೆ. ಕಡಲನ್ನು ವರ್ಣಿಸಬೇಕೆಂದು ಇಟ್ಟುಕೊಳ್ಳೋಣ. ಅವಧಾನಿ 'ವಾ' ಎಂದ. 'ವಾರಿಧಿ' ಬರುತ್ತದೆಂದು ಎಣಿಸಿ ಪೃಚ್ಛಕ ರಕಾರ ಬೇಡವೆಂದ. ಅವಧಾನಿ 'ಹಿ' ಎಂದು 'ವಾಹಿನೀಪತಿ'ಯ ಕಡೆಗೆ ಹೊರಳಬಹುದು. ನದಿಗಳ ಒಡೆಯ, ಅವನೂ ಕಡಲೇ. ಇಷ್ಟರ ನಡುವೆ ಸಮಸ್ಯೆ, ದತ್ತಪದಿಗಳ ಅರೆಮುಗಿದ ಪದ್ಯಗಳು ಮನಸ್ಸಿನಲ್ಲಿ ನಿಂತಿರಬೇಕು; ಅಪ್ರಸ್ತುತಪ್ರಸಂಗಿಯ ಕೀಟಲೆಗೂ ಉತ್ತರ ಕೊಡಬೇಕು; ಕೊನೆಯಲ್ಲಿ ಎಲ್ಲ ಪದ್ಯಗಳನ್ನೂ ಧಾರಣೆಯಿಂದ ಒಪ್ಪಿಸಬೇಕು.

ನೆನಪು ಇಲ್ಲಿ ಮನಸ್ಸನ್ನು ಕಟ್ಟಿಹಾಕಲಿಲ್ಲ. ಒಂದು ದಾರಿ ಮುಚ್ಚಿದ ಗಳಿಗೆಯಲ್ಲಿ ಇನ್ನೊಂದನ್ನು ಆರಿಸುವ ಸ್ವಾತಂತ್ರ್ಯವನ್ನು ಕೊಟ್ಟಿತು.

ಶ್ಲೋಕ ಒಪ್ಪಿಸಿ, ತಪ್ಪಿದಾಗ ಬೆತ್ತದೇಟು ತಿಂದು, ಅಷ್ಟಕ್ಕೇ ನಿಂತ ಹುಡುಗರೂ ಬಹಳ ಮಂದಿ ಇದ್ದರು. ಅದು ಗಿಳಿಪಾಠವೇ ಸರಿ. ಅದನ್ನು ಬಿಟ್ಟದ್ದು ತಪ್ಪಲ್ಲ. ಆದರೆ ಅದರೊಡನೆ ಪದ ಕಟ್ಟಿಸುವ ಉಳಿದರ್ಧವನ್ನೂ ಬಿಟ್ಟೆವು. ಪಂಪನನ್ನು ಪಾಠ ಮಾಡುವಾಗ ನಾನು ಶಬ್ದಾರ್ಥಗಳ ಟಿಪ್ಪಣಿ ಬರೆಸಿದೆ, ವಿದ್ಯಾರ್ಥಿಗಳು ಬರೆದುಕೊಂಡರು. ನಮ್ಮ ತಾತನ ಹಾಗೆ ಒಂದು ದಿನವೂ ನಾನು ಅವರನ್ನು ತಿರುಗಿ ಕೇಳಲಿಲ್ಲ.